ಘಾಟಿನಲ್ಲಿ ಬೆನ್ನ ಹಿಂದಿನ ಗಾಡಿ

ಕೋಥರೂಡ್, ಪುಣೆ

ಚಿ. ಶಿವಾನಂದನಿಗೆ ಕಾಕಾನ ಆಶೀರ್ವಾದಗಳು.

ತಮ್ಮಾ, ನಿನಗೆ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಕಡೆಯ ಅಗ್ನಿಶಾಮಕ ಠಾಣೆಗೆ ವರ್ಗವಾಗಿದೆಯೆಂದು ನಿಮ್ಮವ್ವ ಫೋನ್ ಮಾಡಿ ಹೇಳಿದರು. ಗೋದಾಮಿನ ಬೆಂಕಿ, ವಾಡೆಯ ಬೆಂಕಿ ನಿನಗೆ ಹೊಸದಲ್ಲ. ಹೆದ್ದಾರಿಯ ಕೆಲಸ ಮಾತ್ರ ಬೇರೆಯೇ ಜಾತಿ. ನುಜ್ಜುಗುಜ್ಜಾದ ಕಾರು ಎಲ್ಲಿಗೂ ಹೋಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಇನ್ನೂ ಬಂದಿಲ್ಲದ ಲಾರಿಯ ಬಗ್ಗೆ ನಿನಗೆ ಬರೆಯಬೇಕಾಗಿದೆ.

ಲೆಕ್ಕ ಸರಳ. ಗಂಟೆಗೆ 80 ಕಿಲೋಮೀಟರ್ ಓಡುವ ಗಾಡಿ ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಚಾಲಕ ನಿಮ್ಮನ್ನು ಕಂಡು, ಅದೇನೆಂದು ಅರ್ಥವಾಗಿ, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಎರಡು ಸೆಕೆಂಡು, ಅಂದರೆ 44 ಮೀಟರ್ ಮುಗಿಯಿತು. ಆಮೇಲೆ ಒಣಗಿದ ಸಮತಟ್ಟು ರಸ್ತೆಯಲ್ಲಿ ನಿಲ್ಲಲು ಇನ್ನೊಂದು 50 ಬೇಕು. ಮಳೆಯಲ್ಲಿ, ಇಳಿಜಾರಿನಲ್ಲಿ ಒಟ್ಟು 150ರ ಹತ್ತಿರ ಹೋಗುತ್ತದೆ. ಇದೆಲ್ಲ ಬ್ರೇಕ್ ಸರಿಯಿದ್ದ ಗಾಡಿಯ ಮಾತು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಬರುವ ಲಾರಿಗೆ ಎಂಜಿನ್ನಿನ ಹಿಡಿತವೇ ಇರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾದು ಕಾದು ಕಡೆಗೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ರಸ್ತೆಯಲ್ಲಿ ಪುಣೆಯ ಜನ ಇದನ್ನು ಮತ್ತೆ ಮತ್ತೆ ನೋಡಿದ್ದಾರೆ. ಖಂಡಾಲಾ ಘಾಟ್ ಇಳಿಯುವ ಮುಂಬಯಿ ಕಡೆಯ ಮಾರ್ಗದಲ್ಲೂ ಅದೇ ಕಾಯಿಲೆ.

ಆದ್ದರಿಂದ ಸ್ಥಳ ಮುಟ್ಟಿದೊಡನೆ ಬಂಬನ್ನು, ಅಂದರೆ ನಿಮ್ಮ ಅಗ್ನಿಶಾಮಕ ಗಾಡಿಯನ್ನು, ಗೋಡೆ ಮಾಡು. ಅಪಘಾತವಾದ ಲೇನಿನ ಜೊತೆಗೆ ಪಕ್ಕದ ಇನ್ನೊಂದು ಲೇನನ್ನೂ ಮುಚ್ಚುವಂತೆ ಓರೆಯಾಗಿ ನಿಲ್ಲಿಸಬೇಕು. ಘಟನೆ ಎಡಗಡೆಯ ಲೇನಿನಲ್ಲಿದ್ದರೆ ಬಂಬಿನ ಮೂತಿ ಬಲಕ್ಕೆ. ಆಗ ಎಡಬದಿಯ ಬಾಗಿಲುಗಳು ಮರೆಯಲ್ಲಿರುತ್ತವೆ, ಹುಡುಗರು ಅಲ್ಲಿಂದಲೇ ಇಳಿಯಲಿ. ಚಾಲಕನ ಬಾಗಿಲು ಓಡುವ ಗಾಡಿಗಳ ಕಡೆಗೆ ತೆರೆದುಕೊಳ್ಳುತ್ತದೆ, ಅವನೂ ಸೀಟು ದಾಟಿ ಎಡದಿಂದಲೇ ಇಳಿಯಲಿ. ಮುಂದಿನ ಚಕ್ರಗಳನ್ನೂ ಬಲಕ್ಕೆ ತಿರುಗಿಸಿ ಬಿಡಿ. ಹಿಂದಿನಿಂದ ಏಟು ಬಿದ್ದರೆ ಬಂಬು ನಿಮ್ಮ ಮೇಲೆ ಬರದೆ ಆಚೆ ಹೊರಳುತ್ತದೆ. ಘಟನೆ ಡಿವೈಡರ್ ಕಡೆಯ ಲೇನಿನಲ್ಲಿದ್ದರೆ ಇದೆಲ್ಲ ತಿರುವುಮುರುವು. ಏಟು ತಿಂದ ಬಂಬು ಮುಂದಕ್ಕೆ ಜಾರೇ ಜಾರುತ್ತದೆ, ಅದಕ್ಕೇ ಬಂಬಿಗೂ ನೀವು ಕೆಲಸ ಮಾಡುವ ಜಾಗಕ್ಕೂ ನಡುವೆ 20–30 ಮೀಟರ್ ಬರಿದಾಗಿ ಬಿಡಬೇಕು. ಆ ಬರಿದು ಜಾಗದಲ್ಲಿ ಆಂಬುಲೆನ್ಸ್ ನಿಲ್ಲಿಸುವವರಿದ್ದಾರೆ. ಬೇಡ, ಅದು ಘಟನೆಯನ್ನು ದಾಟಿ ಮುಂದೆ ಹೋಗಿ ನಿಲ್ಲಲಿ. ಗಾಯಾಳುವನ್ನು ಏರಿಸುವುದು ಅದರ ಹಿಂಬಾಗಿಲಿನಿಂದ.

ಇಲ್ಲೊಂದು ತೊಡಕಿದೆ. ನಮ್ಮ ಎಷ್ಟೋ ವಾಟರ್ ಟೆಂಡರ್‌ಗಳಲ್ಲಿ, ಅಂದರೆ ನೀರು ಹೊತ್ತ ಬಂಬುಗಳಲ್ಲಿ, ಪಂಪು ಇರುವುದು ಹಿಂದುಗಡೆ. ಗೋಡೆಯಾಗಿ ನಿಂತ ಬಂಬಿನಲ್ಲಿ ಮೊದಲು ಏಟು ತಿನ್ನುವ ತುದಿ ಅದೇ, ಮತ್ತು ಪಂಪ್ ಆಪರೇಟರ್ ಮೀಟರ್ ನೋಡುತ್ತ ರಸ್ತೆಗೆ ಬೆನ್ನು ಕೊಟ್ಟು ಅಲ್ಲೇ ನಿಂತಿರುತ್ತಾನೆ. ಎಲ್ಲರಿಗೂ ಮರೆ, ಅವನಿಗೊಬ್ಬನಿಗೆ ಇಲ್ಲ. ಆದ್ದರಿಂದ ಕರೆ ಬಂದಾಗಲೇ ಎರಡನೇ ಭಾರಿ ಗಾಡಿ ಕೇಳು. ಇನ್ನೊಂದು ಬಂಬು ಆಗಬಹುದು, ಹೈವೇಯವರ ಕ್ರೇನ್ ಆಗಬಹುದು. ಗೋಡೆ ಅದಾಗಲಿ, ನೀರು ಕೊಡುವ ಬಂಬು ಅದರ ಮರೆಯಲ್ಲಿ ನಿಲ್ಲಲಿ. ಅದು ಬರುವವರೆಗೆ ಒಬ್ಬನಿಗೆ ಬೇರೆ ಯಾವ ಕೆಲಸವನ್ನೂ ಕೊಡದೆ ಸೀಟಿ ಕೊಟ್ಟು, ಬರುವ ಗಾಡಿಗಳನ್ನಷ್ಟೇ ನೋಡಲು ನಿಲ್ಲಿಸು. ಉದ್ದ ಸೀಟಿ ಕೇಳಿದರೆ ಎಲ್ಲರೂ ಯಾವ ಕಡೆ ಓಡಬೇಕೆಂಬುದು ಇಳಿದ ಮೊದಲ ನಿಮಿಷದಲ್ಲೇ ತೀರ್ಮಾನವಾಗಿರಲಿ. ಘಾಟಿನಲ್ಲಿ ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ. ಓಡುವ ದಾರಿ ಮೊದಲೇ ನೋಡಿಟ್ಟಿರದಿದ್ದರೆ ಆ ಹೊತ್ತಿಗೆ ಹೊಳೆಯುವುದಿಲ್ಲ.

ಕತ್ತಲಲ್ಲಿ ಡಿವೈಡರ್ ಹಾರಬೇಡ. ಸೇತುವೆಗಳಲ್ಲಿ ಹೋಗುವ ಮಾರ್ಗ, ಬರುವ ಮಾರ್ಗ ಬೇರೆಬೇರೆಯಾಗಿದ್ದು ನಡುವೆ ಬರೀ ಗಾಳಿ ಇರುವುದುಂಟು. ಆಚೆ ನೆಲವಿದೆಯೆಂದು ಕಾಲಿಟ್ಟವರು ನೇರ ಕೆಳಗೆ. ಟಾರ್ಚ್ ಬಿಟ್ಟು ನೋಡಿಯೇ ದಾಟು.

ಕೋನ್‌ಗಳ ವಿಷಯ. ಬರುವ ಗಾಡಿಗಳಿಗೆ ಮುಖ ಕೊಟ್ಟು, ಅಂಚು ಹಿಡಿದು ನಡೆಯುತ್ತ ಹದಿನೈದು ಹೆಜ್ಜೆಗೊಂದರಂತೆ ಇಡು, ದೂರ ಹೋದಂತೆ ಸಾಲು ಅಂಚಿಗೆ ಸರಿಯುತ್ತ ಹೋಗಲಿ. ಕೊನೆಯ ಎಚ್ಚರಿಕೆ ತ್ರಿಕೋನ 150 ಮೀಟರಿಗೂ ಹಿಂದೆ. ಅಷ್ಟರಲ್ಲಿ ತಿರುವು ಬಂದರೆ ತಿರುವಿನಾಚೆ ಇಡಬೇಕು. ತಿರುವು ದಾಟಿದ ಮೇಲೆ ಕಾಣುವ ಕೋನ್ ಚಾಲಕನಿಗೆ ಉಪಯೋಗಕ್ಕೆ ಬರುವುದಿಲ್ಲ. ಗಾಡಿಗಳ ಸಾಲು ಹಿಂದಕ್ಕೆ ಬೆಳೆದಂತೆ ತ್ರಿಕೋನವೂ ಹಿಂದೆ ಸರಿಯಬೇಕು. ಸಾಲಿನ ಬಾಲಕ್ಕೇ ಎರಡನೇ ಅಪಘಾತ ಕಾದಿರುತ್ತದೆ.

ಈಗ ಇಳಿಜಾರು. ಸೋರಿದ್ದು ಕೆಳಕ್ಕೆ ಹರಿಯುತ್ತದೆ, ನಾವು ಮೇಲಿರಬೇಕು, ಗಾಳಿಯೂ ನಮ್ಮ ಬೆನ್ನಿಗಿರಬೇಕು. ಘಾಟ್ ಇಳಿಯುವ ಮಾರ್ಗದಲ್ಲಿ ಗಾಡಿಗಳು ಬರುವುದೂ ಮೇಲಿನಿಂದ, ಹಾಗಾಗಿ ಬಂಬು ಮೇಲೆ ನಿಂತರೆ ಎರಡೂ ಕೆಲಸ ಆದವು. ಏರುವ ಮಾರ್ಗದಲ್ಲಿ, ಪುಣೆ ಕಡೆಗೆ ಹೋಗುವಾಗ, ಎರಡೂ ನಿಯಮ ಒಂದಕ್ಕೊಂದು ಹೊಡೆದಾಡುತ್ತವೆ. ಗಾಡಿ ತಡೆಯಲು ಕೆಳಗೆ ನಿಂತೆಯೋ, ಡೀಸೆಲ್ಲು ಪೆಟ್ರೋಲು ನಿನ್ನ ಚಕ್ರದ ಕೆಳಗೇ ಹರಿದು ಬರುತ್ತದೆ, ಮೇಲೆ ಬಿಸಿ ಎಂಜಿನ್. ಟ್ಯಾಂಕರ್ ಇದ್ದರೆ ತಡೆಯುವ ಕೆಲಸವನ್ನು ಬಹಳ ಕೆಳಗೆ ಪೊಲೀಸರಿಗೆ ಬಿಟ್ಟು ಇಡೀ ಮಾರ್ಗ ಮುಚ್ಚಿಸು, ನೀನು ಮೇಲಿನಿಂದ ಬಾ. ಬರೀ ಕಾರಿನ ಟ್ಯಾಂಕ್ ಒಡೆದಿದ್ದರೆ ಮರಳಿನಿಂದ ಅಡ್ಡಗಟ್ಟಿ, ಸೋರಿದ್ದು ಮೋರಿಗೆ ಇಳಿಯದಂತೆ ನೋಡಿಕೊಂಡರೆ ಸಾಕಾಗುತ್ತದೆ.

2023ರ ಜೂನ್‌ನಲ್ಲಿ ಖಂಡಾಲಾ ಹತ್ತಿರದ ಕುಣೆ ಸೇತುವೆಯ ಮೇಲೆ ಟ್ಯಾಂಕರ್ ಹೊತ್ತಿಕೊಂಡಾಗ ಉರಿಯುವ ದ್ರವ ಕೆಳಗಿನ ರಸ್ತೆಗೂ ಸುರಿಯಿತು. ಸೇತುವೆಯೆಂದರೆ ಕೆಳಗಿನ ರಸ್ತೆಯನ್ನೂ ಮುಚ್ಚಿಸಬೇಕೆಂದೇ ಲೆಕ್ಕ.

ಟ್ಯಾಂಕರ್ ಹತ್ತಿರ ಹೋಗುವ ಮುನ್ನ ದೂರದಿಂದಲೇ ದುರ್ಬೀನಿನಲ್ಲಿ ಅದರ ಫಲಕ ಓದು, ಒಳಗೇನಿದೆಯೆಂದು ಅದರ ಮೇಲಿನ ನಾಲ್ಕಂಕಿಯ ಸಂಖ್ಯೆ ಹೇಳುತ್ತದೆ. 1203 ಪೆಟ್ರೋಲ್, 1075 ಎಲ್‌ಪಿಜಿ, 1230 ಮೆಥನಾಲ್, 1005 ಅಮೋನಿಯಾ. ಎಲ್‌ಪಿಜಿ ಟ್ಯಾಂಕರಿಗೆ ಬೆಂಕಿ ತಗುಲಿದ್ದರೆ ಸುತ್ತಲೂ 1600 ಮೀಟರ್ ಖಾಲಿ ಮಾಡಿಸಬೇಕು. ಮೆಥನಾಲ್ ಮೋಸಗಾರ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ, ಹೊಗೆಯೂ ಇಲ್ಲ. ಥರ್ಮಲ್ ಕ್ಯಾಮೆರಾ ಇಲ್ಲದಿದ್ದರೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಮುಂದೆ ಚಾಚುತ್ತ ಹೋಗುವುದು ಹಳೆಯ ಉಪಾಯ, ಇಂದಿಗೂ ನಡೆಯುತ್ತದೆ. ಬೆಂಕಿ ನಂದಿಸುವ ಸಾಮಾನ್ಯ ಫೋಮ್ (ನೊರೆ) ಅದರ ಮೇಲೆ ಒಡೆದು ಕರಗುತ್ತದೆ, ಆಲ್ಕೋಹಾಲ್ ತಾಳುವ ಫೋಮೇ ಬೇಕು. ಡಬ್ಬಿಯ ಮೇಲಿನ ಚೀಟಿಯನ್ನು ಠಾಣೆಯಲ್ಲೇ ಓದಿಕೊಂಡಿರು.

ಕಾರುಗಳ ಬಗ್ಗೆ ನಿನಗೆ ಹೆಚ್ಚು ಹೇಳಬೇಕಿಲ್ಲ. ಪುಣೆ ಮುಂಬಯಿ ಕಾರುಗಳಲ್ಲಿ ಡಿಕ್ಕಿಯೊಳಗೆ ಸಿಎನ್‌ಜಿ ಸಿಲಿಂಡರ್ ಇರುವುದು ಸಾಮಾನ್ಯ, ತುಂಬಿದಾಗ 200 ಬಾರ್ ಒತ್ತಡ. ಹೊತ್ತಿದ ಕಾರಿನ ಹಿಂದೆ ನಿಲ್ಲಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆ. ಆಮೇಲೂ ಏರ್‌ಬ್ಯಾಗಿನಲ್ಲಿ ಕೆಲ ಹೊತ್ತು ಕರೆಂಟು ಉಳಿದಿರುತ್ತದೆ, ಸ್ಟಿಯರಿಂಗಿನಿಂದ 25 ಸೆಂಟಿಮೀಟರ್, ಎಡಗಡೆ ಡ್ಯಾಶ್‌ಬೋರ್ಡಿನಿಂದ 50 ಬಿಟ್ಟು ಕೈ ಹಾಕು. ಕಾರಿನ ಚಾವಣಿ ಹೊತ್ತ ಕಂಬ ಕತ್ತರಿಸುವ ಮುನ್ನ ಒಳಗಿನ ಪ್ಲಾಸ್ಟಿಕ್ ಕಿತ್ತು, ಏರ್‌ಬ್ಯಾಗ್ ಉಬ್ಬಿಸುವ ಗ್ಯಾಸ್ ನಳಿಕೆ ಇದೆಯೇ ನೋಡು. ಎಲೆಕ್ಟ್ರಿಕ್ ಕಾರು ಸದ್ದಿಲ್ಲದೆ ಚಾಲೂ ಇರಬಹುದು, ಚಕ್ರಕ್ಕೆ ಅಡ್ಡ ಕೊಟ್ಟೇ ಮುಟ್ಟು. ಕಿತ್ತಳೆ ಬಣ್ಣದ ಕೇಬಲ್ ಕತ್ತರಿಸಬೇಡ.

ರಾತ್ರಿ ಇರುವ ದೀಪಗಳನ್ನೆಲ್ಲ ಹಚ್ಚಿದರೆ ಸುರಕ್ಷಿತವೆಂದು ತಿಳಿದವರೇ ಹೆಚ್ಚು. ಬರುವವನ ಕಣ್ಣು ಕುಕ್ಕಿದರೆ ಅವನಿಗೆ ದೀಪ ಕಾಣುತ್ತದೆ, ದೀಪದ ಮುಂದೆ ನಿಂತ ನೀನು ಕಾಣುವುದಿಲ್ಲ. ಮೂತಿ ತಿರುಗಿಸಿ ನಿಂತಾಗ ಹೆಡ್‌ಲೈಟ್ ಆರಿಸು, ಬಿಳಿ ದೀಪಗಳು ನೆಲ ನೋಡಲಿ, ಹಿಂದಕ್ಕೆ ಹಳದಿ ಮಿನುಗಲಿ. ಜುಲೈನ ಮಂಜಿನಲ್ಲಂತೂ ಬಿಳಿ ಬೆಳಕು ಹಾಲಿನ ಗೋಡೆಯಂತೆ ಎದ್ದು ನಿಲ್ಲುತ್ತದೆ.

ಹೊರಡುವಾಗ ಆತುರ ಮಾಡುತ್ತಾರೆ, ಹಿಂದೆ ಸಿಕ್ಕಿಕೊಂಡವರ ಹಾರ್ನು ಹಾಗೆ ಇರುತ್ತದೆ. ಗಾಯಾಳು ಹೋದರು, ಬೆಂಕಿ ಆರಿತು ಎಂದು ಮೊದಲು ಬಂಬು ತೆಗೆದು, ಕೋನ್ ಎತ್ತಿಕೊಳ್ಳಲು ಒಬ್ಬನನ್ನು ಬಯಲಿನಲ್ಲಿ ಬಿಡುವುದನ್ನು ಎಂದೂ ಮಾಡಬೇಡ. ಹೋಸು ಸುತ್ತಿ, ಎಣಿಸಿ, ಎಲ್ಲರೂ ಒಳಗೆ ಕೂತ ಮೇಲೆ ಗೋಡೆ ಕೊನೆಗೆ ಏಳಬೇಕು.

ಹೊಳೆಯುವ ಜಾಕೆಟ್ ಬೆಂಕಿಯ ಹತ್ತಿರ ಹಾಕಬೇಡ, ಸಾಧಾರಣ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಬ್ರಾಂಚ್ (ಹೋಸಿನ ಮೂತಿ) ಹಿಡಿದವನನ್ನು ಬಿಟ್ಟು ಮಿಕ್ಕವರೆಲ್ಲ ಹಗಲಲ್ಲೂ ಹಾಕಿರಲಿ. ಮಸಿ, ಡೀಸೆಲ್ ಮೆತ್ತಿದ ಪಟ್ಟಿ ಹೊಳೆಯುವುದಿಲ್ಲ. ಇಲ್ಲಿ ರವಿವಾರ ಪೇಠೆಯಲ್ಲಿ ಒಳ್ಳೆಯವು ನೋಡಿ ಕಳಿಸುತ್ತೇನೆ. ನಿನ್ನ ಅಳತೆಯನ್ನು ದಪ್ಪ ಕೋಟು ತೊಟ್ಟುಕೊಂಡು ತೆಗೆದು ಬರೆ.

ಇಂತಿ,
ನಿನ್ನ ಕಾಕಾ