ತೋಳಿಗೆ ಪ್ಲೇಟ್: ಎಕ್ಸ್‌ರೇ ಜೊತೆ ಕೈಯನ್ನೂ ನೋಡಿ

ಸಂಪಾದಕರಿಗೆ,

ತೋಳಿನ ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡವರ ಮರುತಪಾಸಣೆ ಎಷ್ಟೋ ಕಡೆ ಒಂದೇ ಮಾತಿಗೆ ಮುಗಿಯುತ್ತದೆ: ‘ಎಲುಬು ಕೂಡಿದೆ, ಇನ್ನು ಬರಬೇಕಿಲ್ಲ.’ ತಲೆ ಬಾಚಲಾಗದು, ಕೊಡ ಎತ್ತಲಾಗದು ಎಂದು ಹೇಳಿಕೊಳ್ಳಲು ಬಂದವರ ಚೀಟಿಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಮೊದಲು ನೋಡಬೇಕಾದ್ದು ಮಣಿಕಟ್ಟು. ಮಣಿಕಟ್ಟು, ಬೆರಳುಗಳನ್ನು ಮೇಲೆತ್ತಿಸುವ ರೇಡಿಯಲ್ ನರ ತೋಳಿನ ಮೂಳೆಯ ಹಿಂಬದಿಯನ್ನು ಬಳಸಿಕೊಂಡು ಇಳಿಯುತ್ತದೆ. ಮೂಳೆಯ ನಡುಭಾಗ ಮುರಿದವರಲ್ಲಿ ನೂರಕ್ಕೆ ಸುಮಾರು 10–12 ಮಂದಿಗೆ ಪೆಟ್ಟಿನ ಹೊತ್ತಿಗೇ ಈ ನರ ಸೋತಿರುತ್ತದೆ. ಪ್ಲೇಟ್ ಕೂರಿಸುವಾಗಿನ ಎಳೆತಕ್ಕೂ ಸೋಲಬಹುದು. ಆಗ ಮಣಿಕಟ್ಟು ಜೋತುಬೀಳುತ್ತದೆ, ಬೆರಳುಗಳು ಬುಡದಿಂದ ಮೇಲೇಳುವುದಿಲ್ಲ, ಹೆಬ್ಬೆರಳು–ತೋರುಬೆರಳ ನಡುವೆ ಅಂಗೈ ಹಿಂಬದಿಯ ಚರ್ಮ ಜೋಮುಗಟ್ಟುತ್ತದೆ. ಆಪರೇಷನ್ನಿಗೆ ಮುಂಚಿನ ಸ್ಥಿತಿಯನ್ನು ಬರೆದಿಡದಿದ್ದರೆ ನರ ಯಾವಾಗ ಸೋತಿತೆಂದು ಆಮೇಲೆ ಯಾರೂ ಹೇಳಲಾರರು. (ಜಗಳ ಹುಟ್ಟುವುದೂ ಅಲ್ಲೇ.) ಬಹುತೇಕರಲ್ಲಿ ನರ ತಾನಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಕಡಿದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ, ಅಲ್ಲಿಯತನಕ ಮಣಿಕಟ್ಟಿಗೆ ಆಸರೆಯ ಪಟ್ಟಿ (ಸ್ಪ್ಲಿಂಟ್) ಕಟ್ಟಿ, ದಿನವೂ ಬೆರಳು ಬಿಡಿಸುತ್ತಿರದಿದ್ದರೆ ನರ ಮರಳುವಷ್ಟರಲ್ಲಿ ಕೀಲುಗಳು ಬಿಗಿದಿರುತ್ತವೆ.

ಮೊಣಕೈ (ಪೂರ್ತಿ ಚಾಚಿದಾಗ 0) 30ರಿಂದ 130 ಡಿಗ್ರಿವರೆಗೆ ಆಡಿದರೆ ದಿನನಿತ್ಯದ ಹೆಚ್ಚಿನ ಕೆಲಸ ಸಾಗುತ್ತದೆ. ಕಣ್ಣಂದಾಜು ಬೇಡ, ಕೋನಮಾಪಕ ಇಟ್ಟು ಅಳೆಯಿರಿ. ಬಿಗಿದ ಮೊಣಕೈಯನ್ನು ಎಣ್ಣೆ ಹಚ್ಚಿ ಬಲವಂತವಾಗಿ ನೀವಿಸುವವರಿದ್ದಾರೆ. ಇದರಿಂದ ಸ್ನಾಯುವಿನೊಳಗೇ ಎಲುಬು ಬೆಳೆದು ಇದ್ದ ಚಲನೆಯೂ ಹೋಗಬಹುದು. ರೋಗಿ ತಾನೇ, ನೋವು ತಾಳುವ ಮಟ್ಟಿಗೆ, ಮಡಚಿ ಚಾಚಬೇಕು.

ಇನ್ನು ಅಂಕ. ದಿನನಿತ್ಯದ ಕೆಲಸಕ್ಕೆ ತೋಳು, ಭುಜ, ಕೈ ಎಷ್ಟು ತೊಂದರೆ ಕೊಡುತ್ತಿವೆ ಎಂದು ರೋಗಿಯನ್ನೇ ಕೇಳಿ ಅಳೆಯುವ ‘ಡ್ಯಾಶ್’ ಪ್ರಶ್ನಾವಳಿಯಲ್ಲಿ 30 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ 1ರಿಂದ 5. ಸರಾಸರಿಯಿಂದ 1 ಕಳೆದು 25ರಿಂದ ಗುಣಿಸಿದರೆ ಅಂಕ ಸಿಗುತ್ತದೆ. 0 ಎಂದರೆ ತೊಂದರೆಯೇ ಇಲ್ಲ, 100 ಎಂದರೆ ಕೈ ನಿರುಪಯೋಗಿ. ಕನಿಷ್ಠ 27ಕ್ಕೆ ಉತ್ತರವಿರದಿದ್ದರೆ ಲೆಕ್ಕ ಹಿಡಿಯುವಂತಿಲ್ಲ. ನಮ್ಮಲ್ಲಿ ತೊಡಕಾಗುವುದು ಇಲ್ಲೇ: ಗಾಲ್ಫ್, ಟೆನಿಸ್‌ನ ಉದಾಹರಣೆ, ಲೈಂಗಿಕ ಜೀವನದ ಪ್ರಶ್ನೆ ಖಾಲಿ ಉಳಿಯುತ್ತವೆ. ಎದುರು ಕೂತು, ರೊಟ್ಟಿ ತಟ್ಟುವ, ಕುಡುಗೋಲು ಹಿಡಿಯುವ ಮಾತಿನಲ್ಲಿ ವಿವರಿಸಿದರೆ ಉತ್ತರ ಬರುತ್ತದೆ. ಮತ್ತೊಂದು ಮೋಸವೂ ಇದೆ. ಯಾವ ಕೈಯಲ್ಲಿ ಮಾಡಿದಿರಿ ಎಂದು ಈ ಪ್ರಶ್ನಾವಳಿ ಕೇಳುವುದೇ ಇಲ್ಲ. ಎಲ್ಲವನ್ನೂ ಎಡಗೈಗೆ ರೂಢಿಸಿಕೊಂಡವರ ಬಲಗೈ ಗುಣವಾದಂತೆ ಕಾಣುತ್ತದೆ! ಹಾಗಾಗಿ ಅಂಕದ ಪಕ್ಕದಲ್ಲೇ ಚಲನೆಯ ಡಿಗ್ರಿ, ಹಿಡಿತದ ಬಲವೂ ಇರಬೇಕು.

ಎಕ್ಸ್‌ರೇಯನ್ನೂ ಎದುರಿನಿಂದ ಒಂದು, ಬದಿಯಿಂದ ಒಂದು ತೆಗೆಸಬೇಕು. ಬಿಗಿಯಾಗಿ ಒತ್ತಿ ಕೂರಿಸಿದ ಪ್ಲೇಟಿನಡಿ ಹೊಸ ಎಲುಬಿನ ಗಂಟುಗಟ್ಟದೆಯೇ ಮೂಳೆ ಕೂಡುತ್ತದೆ, ಮುರಿದ ಗೆರೆ ಮೆಲ್ಲಗೆ ಮಾಸುತ್ತದೆ. ಗಂಟು ಕಾಣಲಿಲ್ಲವೆಂದು ಗಾಬರಿ ಬೇಡ. ಸ್ಕ್ರೂ ಸುತ್ತ ಕಪ್ಪು ಅಂಚು ಮೂಡಿದರೆ, ಭಾರ ಎತ್ತಿದಾಗ ಅದೇ ಜಾಗ ನೋಯುತ್ತಿದ್ದರೆ ಹಿಡಿತ ಸಡಿಲುತ್ತಿದೆ ಎಂದರ್ಥ. ಬೀಡಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದನ್ನು ಹುಡುಕಿಯೇ ನೋಡಬೇಕು.

6 ವಾರ, 3 ತಿಂಗಳು, 6 ತಿಂಗಳು, 1 ವರ್ಷ: ಪ್ರತಿ ಭೇಟಿಗೂ ಮಣಿಕಟ್ಟಿನ ಬಲ, ಭುಜ–ಮೊಣಕೈ ಡಿಗ್ರಿ, ಡ್ಯಾಶ್ ಅಂಕಕ್ಕೆ ಒಂದೊಂದು ಸಾಲನ್ನು ಆಸ್ಪತ್ರೆಗಳು ಚೀಟಿಯಲ್ಲೇ ಅಚ್ಚು ಹಾಕಿಸಲಿ.

– ಇಬ್ಬರು ಫಿಸಿಯೊಥೆರಪಿಸ್ಟರು, ದಾವಣಗೆರೆ