ಚಳಿಯ ನೆಪ

ಮಂಗಳೂರು

ಪ್ರೀತಿಯ ಪುಟ್ಟೀ,

ಪತ್ರ ಬಂತು. ಪೆನ್ಸಿಲ್ವೇನಿಯಾದ ಹಿಮ, ಬಾಡಿಗೆ ಮನೆಯ ಸಂಗತಿಯೆಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಳು. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕೊನೆಯ ಸಾಲು: "ದೊಡ್ಡಪ್ಪ, ಕನ್ನಡ ಕೈಬಿಡುತ್ತಿದೆ, ಇಂಗ್ಲಿಷ್ ಕೈಹಿಡಿಯುತ್ತಿಲ್ಲ. ಕ್ರೈಸ್ತ ಸಭೆಯ ಚರಿತ್ರೆ ಕಲಿಸಲು ಬಂದು ಎರಡರಲ್ಲೂ ಮೂಗಿಯಾಗುತ್ತೇನೇನೋ."

ನಮ್ಮ ಕಪಾಟಿನಲ್ಲಿ ಫಿಲಿಪ್ ಶಾಫ್ ಅವರ ಸಭಾ ಚರಿತ್ರೆಯ ಸಂಪುಟಗಳಿವೆಯಲ್ಲ, ಹಂಚು ಸೋರಿ ಮೂರನೆಯದರ ರಟ್ಟು ಉಬ್ಬಿದೆ, ಅವನ್ನು ಕೆಳಗಿಳಿಸಿದೆ. ಸ್ವಿಟ್ಜರ್ಲೆಂಡಿನ ಕೂರ್ ಊರಿನವರು. ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದವರು 1844ರಲ್ಲಿ ನೀನಿರುವ ರಾಜ್ಯಕ್ಕೇ, ಮರ್ಸರ್ಸ್‌ಬರ್ಗ್ ಎಂಬ ಸಣ್ಣ ಊರಿನ ಸೆಮಿನರಿಗೆ, ಪ್ರೊಟೆಸ್ಟೆಂಟ್ ಪಾದ್ರಿಗಳಾಗುವವರು ಕಲಿಯುವ ಶಾಲೆಗೆ, ಬಂದರು. ಆಗ ಅವರಿಗೆ ಇಪ್ಪತ್ತೈದು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದು ಆಗ ಹತ್ತು ವರ್ಷವಾಗಿತ್ತು. ಶಾಫ್ ಮೊದಲ ಭಾಷಣ ಮಾಡಿದ್ದು ಜರ್ಮನ್‌ನಲ್ಲೇ. ಇಂಗ್ಲಿಷಿಗೆ ತಂದವರು ಸಹೋದ್ಯೋಗಿ ನೆವಿನ್.

ಆಡಿದ ಮೊದಲ ಮಾತಿಗೇ ಫಜೀತಿ. ಪ್ರೊಟೆಸ್ಟೆಂಟ್ ಸುಧಾರಣೆಯ ಬೇರು ಮಧ್ಯಯುಗದ ಕಥೋಲಿಕ ಸಭೆಯಲ್ಲೇ ಇದೆ ಎಂದರು. ರೋಮಿನ ಕಡೆ ವಾಲಿದ್ದಾರೆಂದು ದೂರು ಹೋಗಿ, 1845ರಲ್ಲಿ ಯಾರ್ಕ್‌ನಲ್ಲಿ ಸೇರಿದ ಸಿನಡ್, ಎಂದರೆ ಸಭೆಯ ಹಿರಿಯರ ಕೂಟ, ವಿಚಾರಣೆ ನಡೆಸಿ ಆರೋಪವನ್ನು ತಳ್ಳಿಹಾಕಿತು. ದೂರು ಹೋದದ್ದು ಅವರ ವಿಚಾರದ ಮೇಲೆ, ಉಚ್ಚಾರದ ಮೇಲಲ್ಲ. ನನಗೇಕೋ ಇದರಲ್ಲಿ ಸಮಾಧಾನ. ನಿನಗಿರಲಿಕ್ಕಿಲ್ಲ.

ಮೂಗಿ ಎಂದೆಯಲ್ಲ. ಹಿಂದೆ ನಾನು ಜರ್ಮನಿಗೆ ಹೋಗಿ ಬೇಗ ವಾಪಸಾದದ್ದು ಚಳಿಗೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಡೆದದ್ದು ಬೇರೆ. ಒಂದು ದಿನ ಕನ್ನಡ ಬೈಬಲ್ ಅನುವಾದದ ಮಾತು ಬಂತು, ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದ ವಿಷಯ. ಎದ್ದು ನಿಂತೆ. ಉದ್ದದ ವಾಕ್ಯ, ಕ್ರಿಯಾಪದ ಕೊನೆಗೆ ಬರಬೇಕು, ನಮ್ಮ ಕನ್ನಡದ ಹಾಗೆಯೇ. ಅದೊಂದೇ ಪದ ಬಾಯಿಗೆ ಬರಲಿಲ್ಲ. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಪಕ್ಕದವನ ಕಡೆ ತಿರುಗಿದರು. ಆಮೇಲೆ ನಾಲ್ಕು ತಿಂಗಳು ಅಲ್ಲಿ ಬಾಯಿ ಬಿಡಲಿಲ್ಲ. ಚಳಿ ಎಂದು ನಿನ್ನ ಅಜ್ಜನಿಗೆ ಸುಳ್ಳು ಬರೆದು ಹಡಗು ಹತ್ತಿದೆ. ಯಾರಿಗಾದರೂ ಆಗಲೇ ಹೇಳಿಕೊಂಡಿದ್ದರೆ ಉಳಿಯುತ್ತಿದ್ದೆನೋ ಏನೋ.

ಯೇಸುವಿನ ಶಿಷ್ಯರಾದ ಅಪೊಸ್ತಲರ ಕಾಲದ ಸಭೆಯ ಬಗ್ಗೆ ಶಾಫ್ ಬರೆದ ದೊಡ್ಡ ಪುಸ್ತಕ 1851ರಲ್ಲಿ ಬಂದಾಗಲೂ ಜರ್ಮನ್‌ನಲ್ಲೇ ಇತ್ತು. ಬಂದು ಏಳು ವರ್ಷ! ಇಂಗ್ಲಿಷ್ ಅವರದಾದದ್ದು ಆಮೇಲೆ. 1870ರಿಂದ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಕಲಿಸಿದರು, 1888ರಲ್ಲಿ ಅಮೆರಿಕದ ಸಭಾ ಚರಿತ್ರೆ ಸಂಘ ಕಟ್ಟಿದರು. 1893ರಲ್ಲಿ, ವಿವೇಕಾನಂದರು ಮಾತನಾಡಿದ ಶಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಕಾಯಿಲೆಯಲ್ಲೂ ಹೋದರು, ಮರುತಿಂಗಳು ತೀರಿಕೊಂಡರು. ನೀನು ಹೋಗಿ ಇನ್ನೂ ಹದಿನಾಲ್ಕು ತಿಂಗಳಷ್ಟೇ.

ನೆವಿನ್‌ರಂಥವರು ಒಬ್ಬರು ಸಿಕ್ಕಿದರೆ ಪಾಠದ ಟಿಪ್ಪಣಿ ತೋರಿಸು. ಹಿಂದಿನ ರಾತ್ರಿ ಗಟ್ಟಿಯಾಗಿ ಓದಿಕೋ ಎನ್ನಬಹುದು, ಓಡಿಬಂದವನು ಹೇಳುವ ಮಾತಲ್ಲ ಅದು. ಕನ್ನಡಕ್ಕೆ ಮಲಗುವ ಮುನ್ನ ಒಂದು ಕೀರ್ತನೆ ಸಾಕೇನೋ. ಸಾಲದಿದ್ದರೆ ನನಗೆ ಬರೆ.

ನಿನ್ನ ಪತ್ರದಲ್ಲಿ ಕಾಗುಣಿತದ ತಪ್ಪು ಮೂರೇ ಮೂರು. ಪೆನ್ಸಿಲಿನಲ್ಲಿ ತಿದ್ದಿ ಇಟ್ಟಿದ್ದೇನೆ, ಬಂದಾಗ ನೋಡುವೆಯಂತೆ.

ನಿನ್ನ
ದೊಡ್ಡಪ್ಪ