ಮಧ್ಯಾಹ್ನ ಎರಡಕ್ಕೆ ಬಾಗಿಲು ತೆಗೆಯಲಿ: ಗಡಿನಾಡಿನ ಓದುಗಿತ್ತಿಯರ ಪರವಾಗಿ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಜೂನ್ 19 ಹತ್ತಿರ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಲೈಬ್ರರಿಗಳಿಂದ ನಿಮಗೆ ಆಮಂತ್ರಣಗಳು ಬರತೊಡಗುತ್ತವೆ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು. ಮರುವರ್ಷದಿಂದ ಅದೇ ವಾಚನ ದಿನ, ಅಲ್ಲಿಂದ ಒಂದು ವಾರ ವಾಚನ ಸಪ್ತಾಹ. ದೀಪ ಬೆಳಗಿ, ಹಿರಿಯ ಓದುಗರಿಗೆ ಶಾಲು ಹೊದೆಸಿ, ಪುಸ್ತಕ ಬರೆದವರಿಗೂ ಓದಿಸಿದವರಿಗೂ ಕೃತಜ್ಞತೆ ಹೇಳುತ್ತೇವೆ. ತಪ್ಪೇನಿಲ್ಲ. ಆದರೆ ಊರಿನಲ್ಲಿ ಓದುವ ಆಸೆಯಿದ್ದೂ ಲೈಬ್ರರಿಯ ಮೆಟ್ಟಿಲು ಹತ್ತದವರು ಆ ಸಭೆಯಲ್ಲಿ ಇರುವುದಿಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು.

ಕಾರಣ ಬಹಳ ದೊಡ್ಡದೇನಲ್ಲ, ಗಡಿಯಾರದ್ದು. ಹಳ್ಳಿಯ ವಾಚನಾಲಯ ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೋ ಐದಕ್ಕೋ ತೆಗೆದು ಎಂಟಕ್ಕೆ ಮುಚ್ಚುತ್ತದೆ. ಗಂಡಸರಿಗೆ ಅದು ಕೆಲಸ ಮುಗಿಸಿ ಬಂದು ಪೇಪರ್ ಬಿಡಿಸುವ ಹೊತ್ತು. ಹೆಂಗಸರಿಗೆ ಶಾಲೆಯ ವ್ಯಾನು ಬರುವ, ಒಣಗಿದ ಬಟ್ಟೆ ಒಳತರುವ, ರಾತ್ರಿಯ ಅಡುಗೆಗೆ ಒಲೆ ಹಚ್ಚುವ ಹೊತ್ತು. ಅವರಿಗೆ ಬಿಡುವೆಂದು ಸಿಗುವುದು ಊಟದ ಪಾತ್ರೆ ತೊಳೆದ ಮೇಲೆ, ಒಂದೂವರೆಯಿಂದ ಮೂರೂವರೆಯ ಒಳಗೆ. ಆಗ ಲೈಬ್ರರಿಗೆ ಬೀಗ. ವಾರದಲ್ಲಿ ಎರಡು ದಿನವಾದರೂ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತೆಗೆದಿಡಲಿ ಎಂಬುದು ನಮ್ಮ ಮುಖ್ಯ ಕೋರಿಕೆ. ಹೆಚ್ಚು ಗಂಟೆ ಬೇಡ, ಇರುವ ಗಂಟೆಗಳು ಸರಿದರೆ ಸಾಕು.

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಲೈಬ್ರರಿಯೊಂದರ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಮುಂದೆ ಇಡೀ ಕನ್ನಡಕ್ಕೆ ಬೇಕಾದ ಲೇಖಕಿಗೇ ಅಷ್ಟು ಕಾಯಬೇಕಾಯಿತು. ಅವರ ಹೆಸರಿನಲ್ಲಿ ಭಾಷಣ ಮಾಡುವವರು ಈ ಇಸವಿಯನ್ನೂ ಹೇಳಬೇಕು.

ಮನೆಗೇ ಪುಸ್ತಕ ಒಯ್ಯುವ ವ್ಯವಸ್ಥೆ ಇಲ್ಲವೆಂದಲ್ಲ. ಕೇರಳದ ಲೈಬ್ರರಿಗಳನ್ನು ನೋಡಿಕೊಳ್ಳುವ ಗ್ರಂಥಶಾಲಾ ಕೌನ್ಸಿಲಿನ ಯೋಜನೆಯಡಿ ಹೆಂಗಸರಿಗೂ ವಯಸ್ಸಾದವರಿಗೂ ಮನೆಬಾಗಿಲಲ್ಲಿ ಪುಸ್ತಕ ಕೊಡುವ ಲೈಬ್ರರಿಯನ್‌ಗಳಿದ್ದಾರೆ, ಬಹುಪಾಲು ಮಹಿಳೆಯರು. ಆ ಕೆಲಸದ ಭಾರ ಎಷ್ಟೆಂದು ನೋಡಿ. ಮುನ್ನೂರು ಪುಟದ ಡೆಮಿ ಆಕಾರದ ಕಾದಂಬರಿ ಸುಮಾರು 350 ಗ್ರಾಂ ತೂಗುತ್ತದೆ. ಇಪ್ಪತ್ತು ಪುಸ್ತಕವೆಂದರೆ 7 ಕಿಲೋ. ಒಂದು ಕೊಟ್ಟಲ್ಲಿ ಒಂದು ವಾಪಸು ಬರುವುದರಿಂದ ಕೊನೆಯ ಮನೆಯವರೆಗೂ ಚೀಲ ಹಗುರಾಗುವುದೇ ಇಲ್ಲ. ಎಣ್ಮಕಜೆ, ಬೆಳ್ಳೂರು ಕಡೆಯ ಗುಡ್ಡದ ದಾರಿಯಲ್ಲಿ, ಜಡಿಮಳೆಗೆ ಒಂದು ಕೈಯಲ್ಲಿ ಕೊಡೆ ಹಿಡಿದು, ಕಾಲುಸಂಕ ದಾಟಿ ಇದನ್ನು ಹೊರುವವರಿಗೆ ವರ್ಷಕ್ಕೊಂದು ಶಾಲು ಸಾಲದು. ಗೌರವಧನ ತಡವಾಗದೆ ಕೈಸೇರಬೇಕು, ಪ್ರಯಾಣದ ಖರ್ಚು ಬೇರೆ ಸಿಗಬೇಕು, ಬಾಯಿ ಮುಚ್ಚುವ ರೆಕ್ಸಿನ್ ಚೀಲವೊಂದು ಬೇಕು. ನಮ್ಮ ಲೆಕ್ಕದಲ್ಲಿ ಕೃತಜ್ಞತೆ ಎಂದರೆ ಇಷ್ಟೇ.

ಈ ಹೊರೆ ಇಳಿಸಲು ದಾರಿಯಿದೆ. ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಪ್ರತಿ ನೆರೆಕರೆ ಕೂಟದಲ್ಲಿ ಹತ್ತರಿಂದ ಇಪ್ಪತ್ತು ಸದಸ್ಯೆಯರು. ಉಳಿತಾಯ, ಸಾಲದ ಕಂತು ಎಂದು ವಾರಕ್ಕೊಮ್ಮೆ ಸೇರುವವರು. ಪುಸ್ತಕದ ಪೆಟ್ಟಿಗೆ ಅಲ್ಲಿಗೇ ಬರಲಿ. ಹದಿನೈದು ಜನರ ಕೂಟಕ್ಕೆ ಹದಿನೈದೇ ಪುಸ್ತಕ ಇಟ್ಟರೆ ಕೆಡುತ್ತದೆ: ಒಬ್ಬರು ಓದಿ ಮುಗಿಸದಿದ್ದರೆ ಇನ್ನೊಬ್ಬರು ಬರಿಗೈಲಿ ಹೋಗಬೇಕು, ಎರಡು ಸಲ ಹಾಗಾದರೆ ಅವರು ಕೇಳುವುದನ್ನೇ ಬಿಡುತ್ತಾರೆ. ಹದಿನೆಂಟು ಇರಲಿ. ಅದರಲ್ಲಿ ನಾಲ್ಕು ದಪ್ಪ ಅಕ್ಷರದವು, ಮೂರು ಮಕ್ಕಳವು, ಒಂದೆರಡು ಆರೋಗ್ಯ–ಕಾನೂನಿನವು, ಉಳಿದವು ಕಥೆ ಕಾದಂಬರಿ. ಹೆಂಗಸರಿಗೆಂದರೆ ಅಡುಗೆ, ರಂಗೋಲಿ, ವ್ರತಕಥೆ ಎಂದು ತುಂಬುವ ಚಾಳಿ ಬಿಡಬೇಕು. ಅಡುಗೆ ಅವರಿಗೆ ಬರುತ್ತದೆ. ಮೂರು ತಿಂಗಳಾದ ಮೇಲೆ ಪಕ್ಕದ ವಾರ್ಡಿನ ಪೆಟ್ಟಿಗೆಯೊಂದಿಗೆ ಅದಲು ಬದಲು. ಹೊರರಟ್ಟಿಗೆ ಖಾಕಿ ಕಾಗದದ ಹೊದಿಕೆ ಹಾಕಿ ಬರೇ ನಂಬರು ಬರೆಯಿರಿ. ಯಾವ ಪುಸ್ತಕ ಓದುತ್ತಿದ್ದೇನೆಂದು ಮನೆಯವರಿಗೆಲ್ಲ ಒಪ್ಪಿಸಬೇಕಾಗಿಲ್ಲದ ಓದೇ ಬೇರೆ.

ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಿವಿಗಿದೆ. ಕಣ್ಣೂರು–ಕಾಸರಗೋಡಿನ ಬೀಡಿ ಶಾಲೆಗಳಲ್ಲಿ ಒಬ್ಬರು ಗಟ್ಟಿಯಾಗಿ ಪೇಪರ್ ಓದುವುದು, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಹಳೆಯ ರೂಢಿ. ಮನೆಯಲ್ಲೇ ಕೂತು ಬೀಡಿ ಕಟ್ಟುವ ಸೂಪು (ಮೊರ) ಹಿಡಿದ ಹೆಂಗಸರಿಗೆ ಆ ಭಾಗ್ಯ ಸಿಗಲಿಲ್ಲ. ವಾರದ ಕೂಟದಲ್ಲಿ ಅರ್ಧ ಗಂಟೆ ಒಬ್ಬರು ಓದಿ ಹೇಳಲಿ. ತುಳು, ಬ್ಯಾರಿ, ಮಲಯಾಳ ಮನೆಮಾತಿನವರೂ, ಕನ್ನಡ ಕೇಳಿದರೆ ತಿಳಿಯುವ ಆದರೆ ಓದಲು ಬಾರದವರೂ ಹೀಗೆ ಒಳಗೆ ಬರುತ್ತಾರೆ.

ಪೆಟ್ಟಿಗೆಯ ಜತೆ ಇನ್ನೂರು ಪುಟದ ನೋಟ್‌ಬುಕ್ ಇರಲಿ, ವಾರಕ್ಕೆ ನಾಲ್ಕು ಸಾಲು ಬರೆಯಲು. ‘ಅಭಿಪ್ರಾಯ ಬರೆಯಿರಿ’ ಎಂದರೆ ‘ಪುಸ್ತಕ ಚೆನ್ನಾಗಿದೆ’ ಎಂದಷ್ಟೇ ಬರುತ್ತದೆ. ‘ಈ ಪುಸ್ತಕ ಯಾರಿಗೆ ಕೊಡಬಹುದು, ಯಾಕೆ?’ ಎಂದು ಕೇಳಿದರೆ ಅತ್ತೆ, ನಾದಿನಿ, ಗಲ್ಫಿನಲ್ಲಿರುವ ಗಂಡ, ಅರ್ಧಕ್ಕೆ ಬಿಟ್ಟ ಕಾಲೇಜು ಎಲ್ಲವೂ ಹೊರಬರುತ್ತವೆ. ಹೆಸರು ಕಡ್ಡಾಯ ಬೇಡ. ಆ ನೋಟ್‌ಬುಕ್ ಸಮಿತಿಯವರ ಮೇಜಿಗೆ ಹೋಗಲೂಬಾರದು.

ಓದು ನಿಲ್ಲುವುದಕ್ಕೆ ಯಾರೂ ಲೆಕ್ಕಕ್ಕಿಡದ ಕಾರಣ ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇನ್ನೂ ಚಿಕ್ಕದಾಗಿ ಕೂರುವುದರಿಂದ 11 ಪಾಯಿಂಟಿನ ಅಚ್ಚಿನಲ್ಲಿ ಮೊದಲು ಕಳೆದುಹೋಗುವುದು ಅವೇ. ‘ಈಗ ಓದಲಿಕ್ಕೆ ಮನಸ್ಸಿಲ್ಲ’ ಎನ್ನುವವರು ಪುಸ್ತಕವನ್ನು ಕೈಯಳತೆ ದೂರ ಹಿಡಿಯುತ್ತಾರೋ ನೋಡಿ. +1.00ರಿಂದ +2.50ರ ವರೆಗಿನ ಓದುವ ಕನ್ನಡಕ ಸಾಕು ಅವರಲ್ಲಿ ಹೆಚ್ಚಿನವರಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಣ್ಣಿನ ಶಿಬಿರ ಲೈಬ್ರರಿಯಲ್ಲೇ, ಮಧ್ಯಾಹ್ನವೇ ನಡೆದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಇನ್ನು ಕನ್ನಡ ಪುಸ್ತಕಗಳ ಸ್ಥಿತಿ. ದಾಖಲೆ ಪುಸ್ತಕದಲ್ಲಿ ಕನ್ನಡ ಹೆಸರುಗಳನ್ನು ಮಲಯಾಳ ಲಿಪಿಯಲ್ಲಿ ಬರೆದಿಟ್ಟ ಕಡೆ ಕನ್ನಡ ಮಾತ್ರ ಓದಬಲ್ಲವರಿಗೆ ಪುಸ್ತಕ ಸಿಗುವುದಿಲ್ಲ. ಸಿಗದ್ದನ್ನು ಯಾರೂ ಕೇಳುವುದಿಲ್ಲ, ಕೇಳದ್ದು ಮೇಲಿನ ತಟ್ಟಿಗೆ ಹೋಗುತ್ತದೆ, ಮುಂದಿನ ವರ್ಷ ‘ಬೇಡಿಕೆ ಇಲ್ಲ’ ಎಂದು ಖರೀದಿ ಇಳಿಯುತ್ತದೆ. ಪುಸ್ತಕಗಳನ್ನು ವಿಷಯವಾರು ನಂಬರು ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಮಲಯಾಳ ಸಾಹಿತ್ಯಕ್ಕೆ 894.812, ಕನ್ನಡಕ್ಕೆ 894.814. ಅಷ್ಟು ಹತ್ತಿರದ ನೆರೆಮನೆ. ಬೇರೆ ಕಪಾಟು, ಕನ್ನಡ ಲಿಪಿಯ ಬೇರೆ ಪಟ್ಟಿ ಮಾಡುವುದು ಕಷ್ಟವಲ್ಲ. ಮಳೆಗಾಲದ ಶೀತಕ್ಕೆ ಬೆನ್ನಿನ ಅಂಟು ಸಡಿಲಾಗಿ ಹಾಳೆ ಕಳಚುವ ಪುಸ್ತಕಗಳನ್ನು ಎಸೆಯಬೇಕಾಗಿಲ್ಲ. ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಮೂರು ತೂತು ಕೊರೆದು ದಪ್ಪ ನೂಲಿನಲ್ಲಿ ಹೊಲಿದು ಬೈಂಡಿಂಗ್ ಬಟ್ಟೆ ಅಂಟಿಸಿದರೆ ವರ್ಷಗಟ್ಟಲೆ ಬಾಳುತ್ತವೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಸೇರಿಸದಿದ್ದರೆ ಹುಳ ಬರುತ್ತದೆ. ಅಡಿಕೆ ತೋಟದವರಿಗೆ ಮೈಲುತುತ್ತು ಎಲ್ಲಿ ಸಿಗುತ್ತದೆಂದು ಹೇಳಬೇಕಾಗಿಲ್ಲ, ಅದು ವಿಷವೆಂಬುದನ್ನೂ.

ಹಣವೆಲ್ಲಿಂದ ಎನ್ನುತ್ತೀರಿ. 1989ರ ಗ್ರಂಥಾಲಯ ಕಾಯ್ದೆಯಂತೆ ಕಟ್ಟಡ ತೆರಿಗೆಯ ರೂಪಾಯಿಗೆ 5 ಪೈಸೆ ಲೈಬ್ರರಿ ಸೆಸ್ ಎಲ್ಲರೂ ಕಟ್ಟುತ್ತೇವೆ, ಹೆಂಗಸರ ಹೆಸರಿನ ಮನೆಗಳಿಂದಲೂ. ವಿಧಾನಸಭೆಯ ಆವರಣದಲ್ಲಿ 2023ರಿಂದ ನಡೆಯುತ್ತಿರುವ ಪುಸ್ತಕೋತ್ಸವದಲ್ಲಿ ಶಾಸಕರ ನಿಧಿಯಿಂದ ಕ್ಷೇತ್ರದ ಲೈಬ್ರರಿಗಳಿಗೆ ಪುಸ್ತಕ ಕೊಳ್ಳಲು ನಿಮಗೆ ಅವಕಾಶವಿದೆ. ಹೋಗುವ ಮೊದಲು ಕನ್ನಡದ ಪಟ್ಟಿ ನಮ್ಮಿಂದ ಒಯ್ಯಿರಿ. ಅಲ್ಲಿ ಸಿಗದ್ದಕ್ಕೆ ಮಂಗಳೂರು, ಬೆಂಗಳೂರಿನ ಪ್ರಕಾಶಕರಿದ್ದಾರೆ. 2025ರ ಮೇ ತಿಂಗಳಲ್ಲಿ ಶುರುವಾದ ‘ಜ್ಞಾನ ಪೋಸ್ಟ್’ ಅಂಚೆಯಲ್ಲಿ 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಒಂದೊಂದೇ ತರಿಸುವ ಬದಲು ನಾಲ್ಕಾರು ಲೈಬ್ರರಿಗಳು ಸೇರಿ 5 ಕಿಲೋದ ಕಟ್ಟು ತರಿಸಿದರೆ ಪುಸ್ತಕಕ್ಕೆ ಏಳೆಂಟು ರೂಪಾಯಿ ಸಾಗಣೆ ಬೀಳುತ್ತದೆ.

ಮಳೆ ಹಿಡಿಯುವ ಮುಂಚೆ ನಿಮ್ಮ ಕ್ಷೇತ್ರದ ಲೈಬ್ರರಿ ಸಮಿತಿಗಳನ್ನೂ ಕುಟುಂಬಶ್ರೀಯವರನ್ನೂ ಒಂದು ಕಡೆ ಕರೆಯಿರಿ. ಮಧ್ಯಾಹ್ನ ಎರಡಕ್ಕೆ ಕರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದ ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು ನಮಗೆ ಹಕ್ಕಿದೆ. ಆದ್ದರಿಂದ ಸಭೆಯ ನೋಟೀಸು ಕನ್ನಡದಲ್ಲೂ ಬರಲಿ.

ಇಂತಿ,
ಗಡಿನಾಡಿನ ಕನ್ನಡ ಓದುಗಿತ್ತಿಯರ ಪರವಾಗಿ